ಪಾಟಾ ಹೆಚ್ಚಿಸಿದರೆ ಭಾರ ಎಲ್ಲಿಗೆ ಹೋಗುತ್ತದೆ?

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಮಕ್ಕಳಿಗೆ ಲಾರಿ ಹೊಸದಲ್ಲ. ನಮ್ಮ ನೆಲದಡಿಯಲ್ಲಿ ಸುಣ್ಣದ ಕಲ್ಲು ಪದರ ಪದರವಾಗಿ ಹಾಸಿಕೊಂಡಿದೆ. ಅದನ್ನು ಹಲಗೆಯಂತೆ ಸೀಳಿದರೆ ಶಹಾಬಾದ್ ಕಲ್ಲು, ಅಂದರೆ ಫರಸಿ. ಪುಡಿ ಮಾಡಿ, ಸುಟ್ಟು, ಮತ್ತೆ ಅರೆದರೆ ಸಿಮೆಂಟು. ಎರಡೂ ಊರು ಬಿಟ್ಟು ಹೋಗುವುದು ರೈಲಿನಲ್ಲಿ, ಇಲ್ಲವೇ ಲಾರಿಯಲ್ಲಿ. ಈ ಲಾರಿಗಳನ್ನು ನೋಡುವಾಗ ನಿಮಗೊಂದು ಪ್ರಶ್ನೆ ಬಂದಿರಬಹುದು. ತೊಗರಿ ಚೀಲ ಹೇರಿದ ಲಾರಿ ಮೇಲಿನವರೆಗೂ ತುಂಬಿರುತ್ತದೆ. ಫರಸಿ ಹೇರಿದ ಲಾರಿ ಮಾತ್ರ ಅರ್ಧ ಖಾಲಿಯಿದ್ದಂತೆ ಕಾಣುತ್ತದೆ. ಏಕೆ?

ಲೆಕ್ಕ ಮಾಡೋಣ. 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಒಂದು ಫರಸಿಯ ಗಾತ್ರ 9000 ಘನ ಸೆಂ.ಮೀ. ಒಂದು ಘನ ಸೆಂ.ಮೀ. ಸುಣ್ಣದ ಕಲ್ಲು ಸುಮಾರು 2.6 ಗ್ರಾಂ ತೂಗುತ್ತದೆ. ಅಂದರೆ ಒಂದು ಹಲಗೆಗೆ 23 ಕಿಲೋಗೂ ಹೆಚ್ಚು ತೂಕ! 17 ಅಡಿ ಉದ್ದ, 7 ಅಡಿ ಅಗಲದ ಲಾರಿಯಲ್ಲಿ ಹನ್ನೆರಡೂವರೆ ಟನ್ ಕಲ್ಲನ್ನು ಸಮನಾಗಿ ಹರಡಿದರೆ ಅದು ನಿಮ್ಮ ಮೊಣಕಾಲಿನ ಎತ್ತರಕ್ಕೆ ಬರುತ್ತದೆ, ಅಷ್ಟೇ. ಲಾರಿಯಲ್ಲಿ ಇನ್ನೂ ಜಾಗವಿದೆ ಎಂದು ಕಣ್ಣು ಹೇಳುತ್ತದೆ. ಆದರೆ ಲಾರಿಯ ಶಕ್ತಿ ಅಲ್ಲಿಗೆ ಮುಗಿದಿರುತ್ತದೆ.

ಜಾಗ ಉಳಿದಿದೆಯಲ್ಲ ಎಂದು ಕೆಲವರು ಗ್ಯಾರೇಜಿಗೆ ಹೋಗಿ ಹೆಚ್ಚುವರಿ ಪಾಟಾ ಹಾಕಿಸುತ್ತಾರೆ, ದಪ್ಪನೆಯ ಅಚ್ಚು ಕೂರಿಸುತ್ತಾರೆ. ಆಗ ಲಾರಿ ಹೆಚ್ಚು ಭಾರ ಹೊರಬಹುದೇ? ಇದಕ್ಕೆ ಉತ್ತರ ಬೇಕಾದರೆ ಭಾರ ಸಾಗುವ ದಾರಿಯನ್ನು ಹಿಂಬಾಲಿಸಬೇಕು. ಚೀಲದ ಭಾರ ಲಾರಿಯ ಹಾಸಿನ ಮೇಲೆ ಬೀಳುತ್ತದೆ. ಅಲ್ಲಿಂದ ಚಾಸಿ, ಪಾಟಾ, ಅಚ್ಚು, ಗಾಲಿ, ಟಯರು, ಕೊನೆಗೆ ರಸ್ತೆ ಮತ್ತು ರಸ್ತೆಯ ಕೆಳಗಿನ ಮಣ್ಣು.

ಪಾಟಾ ಎಂದರೆ ಒಂದರ ಮೇಲೊಂದು ಜೋಡಿಸಿ ಬಿಗಿದ ಉಕ್ಕಿನ ಪಟ್ಟಿಗಳ ಕಟ್ಟು, ಲಾರಿಯ ಸ್ಪ್ರಿಂಗು. ಪಟ್ಟಿಗಳು ಒಂದೇ ಉದ್ದ ಇರುವುದಿಲ್ಲ ಎಂಬುದನ್ನು ಗಮನಿಸಿ. ಒಂದು ಜೋಳದ ದಂಟನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ನಡುವೆ ಅದುಮಿದರೆ ಅದು ನಡುವೆಯೇ ಮುರಿಯುತ್ತದೆ, ತುದಿಯಲ್ಲಿ ಅಲ್ಲ. ಬಾಗುವ ಒತ್ತಡ ನಡುವೆ ಹೆಚ್ಚು. ಆದ್ದರಿಂದ ಪಾಟಾ ಕಟ್ಟು ನಡುವೆ ದಪ್ಪ, ತುದಿಗೆ ತೆಳು. ಗುಂಡಿ ಬಂದಾಗ ಪಟ್ಟಿಗಳು ಬಾಗಿ ಪೆಟ್ಟನ್ನು ನುಂಗುತ್ತವೆ. ಆಗ ಅವು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಲುಕಾಟ ಬೇಗ ನಿಲ್ಲುತ್ತದೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ ನೋಡಿ!

ಮಾಡಿ ನೋಡಿ: ಒಂದು ಅಡಿ ಉದ್ದದ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಅಂಚಿನಿಂದ 20 ಸೆಂ.ಮೀ. ಹೊರಗೆ ಚಾಚಿ, ಒಳತುದಿಯನ್ನು ಅಂಗೈಯಿಂದ ಅದುಮಿ ಹಿಡಿಯಿರಿ. ಹೊರತುದಿಗೆ ಸಣ್ಣ ಚೀಲವೊಂದನ್ನು ಕಟ್ಟಿ ಕೆಲವು ಹರಳು ಹಾಕಿ. ಎಷ್ಟು ಬಾಗಿತು? ಬರೆದುಕೊಳ್ಳಿ. ಈಗ ಅಂಥದ್ದೇ ಎರಡು ಸ್ಕೇಲುಗಳನ್ನು ಒಂದರ ಮೇಲೊಂದಿಟ್ಟು ಅದೇ ಚೀಲ ತೂಗುಹಾಕಿ. ಬಾಗು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಒಳತುದಿಯನ್ನು ಹಿಡಿದ ನಿಮ್ಮ ಕೈಗೆ ಕೆಲಸ ಕಡಿಮೆಯಾಯಿತೇ? ಇಲ್ಲ. ಮೊದಲಿನಷ್ಟೇ ಬಲ ಬೇಕು.

ಗ್ಯಾರೇಜಿನಲ್ಲಿ ಆಗುವುದೂ ಇದೇ. ಜಾಕ್ ಕೊಟ್ಟು ಲಾರಿಯನ್ನು ಎತ್ತಿ, ಯು ಆಕಾರದ ಬೋಲ್ಟುಗಳನ್ನು ಸಡಿಲಿಸಿ, ಕಟ್ಟಿಗೆ ಇನ್ನೆರಡು ಪಟ್ಟಿ ಸೇರಿಸಿ ಮತ್ತೆ ಬಿಗಿಯುತ್ತಾರೆ. ಕೆಲವೊಮ್ಮೆ ಅಚ್ಚಿಗೂ ಪಾಟಾಕ್ಕೂ ನಡುವೆ ಉಕ್ಕಿನ ದಿಮ್ಮಿ ಇಟ್ಟು ಲಾರಿಯನ್ನೇ ಎತ್ತರಿಸುವುದುಂಟು. ಲಾರಿ ಕುಗ್ಗದೆ ನಿಲ್ಲುತ್ತದೆ. ನೋಡಿದವರಿಗೆ ಭಾರವೇ ಇಲ್ಲವೆನಿಸುತ್ತದೆ.

ಅಚ್ಚಿನ ವಿಷಯ ಇನ್ನೂ ಸ್ವಾರಸ್ಯಕರ. ದುಂಡನೆಯ ಸರಳಿನ ದಪ್ಪವನ್ನು ಎರಡರಷ್ಟು ಮಾಡಿದರೆ ಅದು ಬಾಗದೆ ತಡೆಯುವ ಭಾರ ಎಂಟರಷ್ಟಾಗುತ್ತದೆ. ಕಾಲು ಭಾಗ ಮಾತ್ರ ದಪ್ಪ ಹೆಚ್ಚಿಸಿದರೂ ಸುಮಾರು ಎರಡರಷ್ಟು ಬಲ ಬರುತ್ತದೆ. ಆದರೆ ಅಚ್ಚಿಗೂ ತೂಕವಿದೆಯಲ್ಲ! ಹೊಸ ಅಚ್ಚು ಮತ್ತು ಪಾಟಾದಿಂದ 200 ಕಿಲೋ ಹೆಚ್ಚಾಯಿತು ಎನ್ನಿ. ಕಾನೂನು ಮಿತಿ ಹಾಕುವುದು ಲಾರಿ ಮತ್ತು ಸರಕು ಸೇರಿದ ಒಟ್ಟು ತೂಕಕ್ಕೆ. ಎರಡು ಅಚ್ಚಿನ, ಆರು ಟಯರಿನ ಲಾರಿಗೆ ಆ ಮಿತಿ 16.2 ಟನ್ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು 18.5 ಟನ್‌ಗೆ ಏರಿಸಿತು. ಬರಿಲಾರಿ 6 ಟನ್ ಇದ್ದರೆ ಉಳಿದ ಹನ್ನೆರಡೂವರೆ ಟನ್‌ಗೆ 50 ಕಿಲೋದ 250 ಸಿಮೆಂಟ್ ಚೀಲ ಹೇರಬಹುದು. ಅಚ್ಚು ದಪ್ಪವಾದ ಮೇಲೆ 246 ಚೀಲ ಮಾತ್ರ! ದುಡ್ಡು ಖರ್ಚು ಮಾಡಿ ನಾಲ್ಕು ಚೀಲ ಕಳೆದುಕೊಂಡಂತಾಯಿತು. ತಯಾರಕರು ನಿಗದಿ ಮಾಡಿದ್ದನ್ನು ಒಪ್ಪಿಗೆಯಿಲ್ಲದೆ ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆ ಒಪ್ಪುವುದೂ ಇಲ್ಲ.

ಕಾನೂನು ಮೀರಿ 350 ಚೀಲ ಹೇರಿದರೋ? ಒಟ್ಟು ತೂಕ ಇಪ್ಪತ್ಮೂರೂವರೆ ಟನ್ ದಾಟುತ್ತದೆ. ಪಾಟಾ ಮುರಿಯಲಿಕ್ಕಿಲ್ಲ. ಆದರೆ ಬ್ರೇಕು? ಅದೇ ವೇಗದಲ್ಲಿ ಓಡುವಾಗ ಈ ಲಾರಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಚಲನಶಕ್ತಿ ಇರುತ್ತದೆ. ಲಾರಿ ನಿಲ್ಲಬೇಕಾದರೆ ಅಷ್ಟೂ ಶಕ್ತಿ ಬ್ರೇಕಿನ ಡ್ರಮ್ಮಿನಲ್ಲಿ ಶಾಖವಾಗಬೇಕು. ಡ್ರಮ್ಮು ಅತಿಯಾಗಿ ಕಾದರೆ ಬ್ರೇಕಿನ ಹಿಡಿತ ಕುಂದುತ್ತದೆ. ಶಾಲೆಯ ಮುಂದೆ ರಸ್ತೆ ದಾಟುವ ನಿಮ್ಮ ಪಾಲಿಗೆ ಪಾಟಾಕ್ಕಿಂತ ದೊಡ್ಡ ವಿಷಯ ಇದು. ಎತ್ತರಿಸಿದ ಲಾರಿಯಲ್ಲಿ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಬೆಂಕಿಪೆಟ್ಟಿಗೆಯನ್ನು ಮಲಗಿಸಿ ತಳ್ಳಿ, ಆಮೇಲೆ ನಿಲ್ಲಿಸಿ ತಳ್ಳಿ. ಚಿಂಚೋಳಿ ಗುಡ್ಡದ ತಿರುವಿನಲ್ಲಿ ಯಾವ ಲಾರಿ ಮೊದಲು ಉರುಳೀತು ಎಂದು ತಿಳಿಯುತ್ತದೆ. ಖಾಲಿ ಬರುವಾಗ ಇನ್ನೊಂದು ತೊಂದರೆ: ಬಿರುಸಾದ ಪಾಟಾ ಬಾಗುವುದೇ ಇಲ್ಲ. ಗುಂಡಿಗಳ ಮೇಲೆ ಗಾಲಿ ಪುಟಿಯುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕ್ ಹಾಕಿ ಏನು ಪ್ರಯೋಜನ?

ಇನ್ನು ರಸ್ತೆ. ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಹಾಕಿ, ಬೇರೆ ಬೇರೆ ಭಾರದ ಲಾರಿಗಳನ್ನು ಸೈನಿಕರಿಂದ ಎರಡು ವರ್ಷ ಓಡಿಸಿದರು. ಅದರಿಂದ ತಿಳಿದ ಸಂಗತಿ ಬೆರಗು ಹುಟ್ಟಿಸುವಂಥದ್ದು. ಒಂದು ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಎರಡರಷ್ಟಲ್ಲ, ಸುಮಾರು 16ರಷ್ಟು! ಎರಡನ್ನು ನಾಲ್ಕು ಸಲ ಗುಣಿಸಿಕೊಳ್ಳಿ: 2 × 2 × 2 × 2. ನಮ್ಮ ದೇಶದಲ್ಲೂ ರಸ್ತೆಯ ದಪ್ಪವನ್ನು ಲೆಕ್ಕ ಹಾಕುವಾಗ ಸುಮಾರು 8 ಟನ್ ಭಾರದ ಅಚ್ಚನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. 2018ರಲ್ಲಿ ನಾಲ್ಕು ಟಯರಿನ ಒಂಟಿ ಅಚ್ಚಿನ ಮಿತಿ 10.2ರಿಂದ 11.5 ಟನ್‌ಗೆ ಏರಿದಾಗ, ಈ ಲೆಕ್ಕದ ಪ್ರಕಾರ ಹಾನಿ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಆದೇಶ ಒಂದು ದಿನದಲ್ಲಿ ಬಂತು. ರಸ್ತೆಯಡಿಯ ಜಲ್ಲಿ ಮಾತ್ರ ಹಳೆಯದೇ.

ನಮ್ಮ ಕಡೆ ಅನೇಕ ರಸ್ತೆಗಳ ಅಡಿ ಇರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ನೀರು ಕುಡಿದ ಎರೆಮಣ್ಣಿಗೆ ಭಾರ ತಡೆಯುವ ಶಕ್ತಿ ಬಹಳ ಕಡಿಮೆ. ಡಾಂಬರಿನ ಅಂಚು ಮಳೆಗಾಲದಲ್ಲೇ ಹೆಚ್ಚು ಕುಸಿಯುವುದು ಇದಕ್ಕೇ.

ಹಾಗಾದರೆ ಹೆಚ್ಚು ಸರಕು ಸಾಗಿಸುವ ಸರಿಯಾದ ದಾರಿ ಯಾವುದು? ಅಚ್ಚು ದಪ್ಪ ಮಾಡುವುದಲ್ಲ, ಹೆಚ್ಚು ಅಚ್ಚುಗಳಿರುವ ಲಾರಿಯನ್ನೇ ಬಳಸುವುದು. 16 ಟನ್ ಒಂದೇ ಅಚ್ಚಿನ ಮೇಲೆ ಬಿದ್ದರೆ ಹಾನಿ 16 ಪಾಲು. ಎರಡು ಅಚ್ಚುಗಳಿಗೆ 8 ಟನ್‌ನಂತೆ ಹಂಚಿದರೆ ಒಂದೊಂದು ಪಾಲು, ಒಟ್ಟು ಎರಡೇ. ಹತ್ತು, ಹನ್ನೆರಡು, ಹದಿನಾಲ್ಕು ಟಯರಿನ ಲಾರಿಗಳು ಬಂದದ್ದು ಹೀಗೆ. ಅವುಗಳಲ್ಲಿ ಕೆಲವು ಒಂದು ಜೊತೆ ಗಾಲಿಯನ್ನು ನೆಲಕ್ಕೆ ತಾಗಿಸದೆ ಗಾಳಿಯಲ್ಲಿ ಎತ್ತಿಕೊಂಡು ಓಡುವುದನ್ನು ನೀವು ಕಂಡಿರಬಹುದು. ಅದು ಕೆಟ್ಟ ಗಾಲಿಯಲ್ಲ. ಲಾರಿ ಖಾಲಿಯಿದ್ದಾಗ ಟಯರು ಸವೆಯಬಾರದೆಂದು ಆ ಅಚ್ಚನ್ನು ಮೇಲೆತ್ತುತ್ತಾರೆ, ಸರಕು ತುಂಬಿದಾಗ ಕೆಳಗಿಳಿಸುತ್ತಾರೆ.

ನಿಮ್ಮ ಶಿಕ್ಷಕರೊಂದಿಗೆ ರಸ್ತೆಯಿಂದ ದೂರ, ಸುರಕ್ಷಿತ ಜಾಗದಲ್ಲಿ ನಿಂತು ಅರ್ಧ ಗಂಟೆ ಲಾರಿಗಳ ಅಚ್ಚು ಎಣಿಸಿ. ನಿಂತ ಲಾರಿಯೇ ಆದರೂ ಅದರ ಕೆಳಗೆ ಹೋಗಬೇಡಿ. ಪಾಟಾ ಪಕ್ಕದಿಂದಲೇ ಕಾಣುತ್ತದೆ. ಗಾಲಿ ಎತ್ತಿಕೊಂಡ ಲಾರಿ ಬಂದರೆ ಅದು ಖಾಲಿಯೋ ತುಂಬಿದೆಯೋ ಗುರುತು ಮಾಡಿಕೊಳ್ಳಿ. ತುಂಬಿದ್ದರೆ, ಉಳಿದ ಅಚ್ಚುಗಳ ಕೆಳಗಿನ ರಸ್ತೆಗೆ ಎಷ್ಟು ಪಟ್ಟು ಹಾನಿಯಾಗುತ್ತಿರಬಹುದು?