ಕಂಪ್ಯೂಟರ್ ಏಳುತ್ತಿಲ್ಲವೇ? ಫಾರ್ಮ್ಯಾಟ್ ಎನ್ನುವ ಮುನ್ನ ಇಷ್ಟು ನೋಡಿ

ಆರಂಭವಾಗದ ಕಂಪ್ಯೂಟರನ್ನು ದುರಸ್ತಿ ಅಂಗಡಿಗೆ ಹೊತ್ತೊಯ್ದವರು ಸಾಮಾನ್ಯವಾಗಿ ಕೇಳಿಸಿಕೊಳ್ಳುವ ಮಾತುಗಳು ಎರಡೇ. ‘ವೈರಸ್ ಬಂದಿದೆ’ ಎಂಬುದು ಮೊದಲನೆಯದು, ‘ಫಾರ್ಮ್ಯಾಟ್ ಮಾಡಬೇಕು’ ಎಂಬುದು ಎರಡನೆಯದು. ಇವೆರಡರ ನಡುವೆ ಐದು ನಿಮಿಷದ ತಪಾಸಣೆಯೂ ನಡೆದಿರುವುದಿಲ್ಲ. ಸಂಜೆಯ ಹೊತ್ತಿಗೆ ಯಂತ್ರ ಹೊಸದರಂತಾಗಿ ಮನೆಗೆ ಮರಳುತ್ತದೆ. ಮಗಳ ನಾಮಕರಣದ ಚಿತ್ರಗಳು, ಮೂರು ವರ್ಷಗಳ ಜಿಎಸ್‌ಟಿ ಲೆಕ್ಕ, ಅರ್ಧಕ್ಕೆ ನಿಂತಿದ್ದ ಪ್ರಬಂಧ ಇವು ಮಾತ್ರ ಮರಳುವುದಿಲ್ಲ.

ಅಂಗಡಿಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ದೋಷ ಹುಡುಕಲು ಅರ್ಧ ದಿನ ಬೇಕು, ಫಾರ್ಮ್ಯಾಟಿಗೆ ಒಂದೆರಡು ತಾಸು ಸಾಕು. ಗಿರಾಕಿ ಕೊಡುವ ಹಣ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ. ಈ ವರದಿಗಾರನೂ ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದಾಗ ಸಿದ್ಧವಾಗಿದ್ದ ಕಿರುಪ್ರಬಂಧವನ್ನು ಹೀಗೆಯೇ ಕಳೆದುಕೊಂಡು ಮತ್ತೊಮ್ಮೆ ಬರೆದದ್ದುಂಟು. ಫಾರ್ಮ್ಯಾಟ್ ಆದ ಮೂರನೇ ದಿನವೇ ಯಂತ್ರ ಪುನಃ ನಿಂತಿತು. ದೋಷವಿದ್ದದ್ದು ವೈರಸ್ಸಿನಲ್ಲಲ್ಲ, ಸಡಿಲಗೊಂಡಿದ್ದ ರ‍್ಯಾಮ್ ಪಟ್ಟಿಯಲ್ಲಿ!

ಅಸಲಿಗೆ, ಕುತಂತ್ರಾಂಶ ರಚಿಸುವವರಲ್ಲಿ ಹೆಚ್ಚಿನವರಿಗೆ ನಿಮ್ಮ ಕಂಪ್ಯೂಟರ್ ನಿಲ್ಲುವುದು ಬೇಕಾಗಿರುವುದಿಲ್ಲ. ಪಾಸ್‌ವರ್ಡ್ ಕದಿಯಲು, ಜಾಹೀರಾತು ತೋರಿಸಲು, ನಿಮ್ಮ ಯಂತ್ರದಿಂದ ಇತರರ ಮೇಲೆ ದಾಳಿ ನಡೆಸಲು ಅದು ಚೆನ್ನಾಗಿ ಓಡುತ್ತಿರಬೇಕು. ಆದ್ದರಿಂದ ಕುತಂತ್ರಾಂಶ ಹೊಕ್ಕ ಯಂತ್ರ ಏಳದೆ ಹೋದರೆ ಅದು ಬಹುತೇಕ ಅಡ್ಡ ಪರಿಣಾಮ. ಹೊಕ್ಕದ್ದು ವಿಂಡೋಸಿನ ಯಾವುದೋ ಕಡತವನ್ನು ಕೆಡಿಸಿರುತ್ತದೆ, ಇಲ್ಲವೇ ಅದನ್ನು ಕೊಲ್ಲಲು ಹೋದ ವೈರಸ್ ನಿರೋಧಕ ತಂತ್ರಾಂಶವೇ ಅಗತ್ಯ ಕಡತವನ್ನು ಅಳಿಸಿರುತ್ತದೆ. ಎರಡೂ ಸಂದರ್ಭಗಳಲ್ಲಿ ನಿಮ್ಮ ಚಿತ್ರಗಳು, ಲೆಕ್ಕಪತ್ರಗಳು ಡಿಸ್ಕಿನಲ್ಲಿ ಇದ್ದಲ್ಲಿಯೇ ಇರುತ್ತವೆ. ಮನೆಯ ಬೀಗ ಕೆಟ್ಟಿದೆಯೇ ಹೊರತು ಒಳಗಿನ ಕಪಾಟಿಗೆ ಏನೂ ಆಗಿರುವುದಿಲ್ಲ.

ಇದಕ್ಕೆ ಜಗತ್ತೇ ಕಂಡ ಉದಾಹರಣೆಗಳಿವೆ. 2010ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸಿಗೆ ಭದ್ರತಾ ತೇಪೆಯೊಂದನ್ನು ಬಿಡುಗಡೆ ಮಾಡಿತು. ಅದನ್ನು ಅಳವಡಿಸಿಕೊಂಡ ಅನೇಕರ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ತೇಪೆಯೇ ಕೆಟ್ಟದ್ದೆಂದು ಜನ ಬೈದರು. ತನಿಖೆ ನಡೆದಾಗ ಆ ಯಂತ್ರಗಳಲ್ಲಿ ‘ಅಲ್ಯೂರಿಯಾನ್’ ಎಂಬ ಕುತಂತ್ರಾಂಶ ಮೊದಲೇ ಅಡಗಿ ಕುಳಿತಿತ್ತೆಂದು ಬಯಲಾಯಿತು. ವಿಂಡೋಸಿನ ಒಳಭಾಗದ ನಿರ್ದಿಷ್ಟ ವಿಳಾಸಗಳನ್ನು ಅದು ನೆಚ್ಚಿಕೊಂಡಿತ್ತು. ತೇಪೆ ಆ ವಿಳಾಸಗಳನ್ನು ಬದಲಿಸಿದೊಡನೆ ಎಲ್ಲವೂ ಕುಸಿಯಿತು. ಅದೇ ವರ್ಷದ ಏಪ್ರಿಲ್ 21ರಂದು ನಡೆದದ್ದು ಇದಕ್ಕೆ ತದ್ವಿರುದ್ಧ. ಮೆಕಾಫಿ ಸಂಸ್ಥೆಯ ವೈರಸ್ ನಿರೋಧಕ ತಂತ್ರಾಂಶವು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ತಪ್ಪಾಗಿ ಗುರುತಿಸಿತು. ಪರಿಣಾಮವಾಗಿ ಯಂತ್ರಗಳು ಆರಂಭವಾಗುವುದು, ಆರುವುದು, ಮತ್ತೆ ಆರಂಭವಾಗುವುದು ಇದನ್ನೇ ಮಾಡತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಕಡತವೊಂದು ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳನ್ನು ಕೆಡವಿತು. ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅಲ್ಲಿ ವೈರಸ್ಸೇ ಇರಲಿಲ್ಲ. ಬಿದ್ದ ಯಂತ್ರಗಳನ್ನು ಮೇಲೆತ್ತಲು ಫಾರ್ಮ್ಯಾಟ್ ಕೂಡ ಬೇಕಾಗಲಿಲ್ಲ. ಸೇಫ್ ಮೋಡ್ ಹೊಕ್ಕು ಒಂದೇ ಒಂದು ಕಡತವನ್ನು ಅಳಿಸಿದರೆ ಸಾಕಿತ್ತು.

ಎಲ್ಲಿ ನಿಂತಿತು?

ಹಾಗಾದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ವೈರಸ್?’ ಎಂಬುದಲ್ಲ, ‘ಎಲ್ಲಿ ನಿಂತಿತು?’ ಎಂಬುದು. ಗುಂಡಿ ಒತ್ತಿದ ಮೇಲೆ ಕಂಪ್ಯೂಟರ್ ಕೆಲವು ಮೆಟ್ಟಿಲುಗಳನ್ನು ಹತ್ತಿ ಮೇಲೇಳುತ್ತದೆ. ವಿದ್ಯುತ್ ಹರಿದು ಫ್ಯಾನು ತಿರುಗುತ್ತದೆ. ಮದರ್‌ಬೋರ್ಡಿನಲ್ಲಿರುವ ಪುಟ್ಟ ತಂತ್ರಾಂಶವು ರ‍್ಯಾಮ್, ಡಿಸ್ಕ್, ಕೀಲಿಮಣೆಗಳನ್ನು ಪರೀಕ್ಷಿಸಿ ತಯಾರಕರ ಲಾಂಛನ ತೋರಿಸುತ್ತದೆ. ಬಳಿಕ ಡಿಸ್ಕಿನಿಂದ ವಿಂಡೋಸನ್ನು ಕರೆಯುತ್ತದೆ; ಸುತ್ತುವ ಚುಕ್ಕೆಗಳು ಕಾಣಿಸುತ್ತವೆ. ಕೊನೆಗೆ ಲಾಗಿನ್ ಪುಟ, ಅದರಾಚೆ ನಿಮ್ಮ ಡೆಸ್ಕ್‌ಟಾಪ್.

ಲಾಂಛನವೇ ಮೂಡದಿದ್ದರೆ ವೈರಸ್ಸಿನ ಚಿಂತೆಯನ್ನು ಬಹುತೇಕ ಬದಿಗಿಡಬಹುದು. 1999ರ ಏಪ್ರಿಲ್ 26ರಂದು ಅನೇಕ ದೇಶಗಳಲ್ಲಿ ಮದರ್‌ಬೋರ್ಡಿನ ಆ ಪುಟ್ಟ ತಂತ್ರಾಂಶವನ್ನೇ ಅಳಿಸಿಹಾಕಿದ ‘ಸಿಐಎಚ್’ ವೈರಸ್ಸಿನಂಥವು ಅಪರೂಪ. ಇಲ್ಲಿ ಸಂಶಯಪಡಬೇಕಾದದ್ದು ವಿದ್ಯುತ್ ಪೂರೈಕೆ, ರ‍್ಯಾಮ್ ಮತ್ತು ಮಾನಿಟರಿನ ತಂತಿಗಳನ್ನು. ಲಾಂಛನ ಬಂದು, ಬಳಿಕ ಆರಂಭಿಸಲು ಡಿಸ್ಕ್ ಇಲ್ಲವೆಂಬ ಸಂದೇಶ ಬಂದರೆ ಮೊದಲು ಚುಚ್ಚಿಟ್ಟ ಪೆನ್‌ಡ್ರೈವುಗಳನ್ನೆಲ್ಲ ಕಿತ್ತು ನೋಡಿ. ನಗೆ ತರಿಸುವಂತಿದ್ದರೂ ಎಷ್ಟೋ ಯಂತ್ರಗಳು ಇಷ್ಟಕ್ಕೇ ಸರಿಹೋಗುತ್ತವೆ. ಯಂತ್ರವು ಪೆನ್‌ಡ್ರೈವಿನಲ್ಲಿ ವಿಂಡೋಸನ್ನು ಹುಡುಕುತ್ತಾ ಕುಳಿತಿರುತ್ತದೆ. ಆಮೇಲೂ ಡಿಸ್ಕ್ ಕಾಣದಿದ್ದರೆ, ಅದರಲ್ಲೂ ಹಳೆಯ ಹಾರ್ಡ್ ಡಿಸ್ಕಿನಿಂದ ‘ಟಿಕ್ ಟಿಕ್’ ಸದ್ದು ಕೇಳಿದರೆ, ಮತ್ತೆ ಮತ್ತೆ ಆರಂಭಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಪ್ರತಿ ಪ್ರಯತ್ನವೂ ಡಿಸ್ಕನ್ನು ಇನ್ನಷ್ಟು ಕೆಡಿಸಬಲ್ಲದು.

ಚುಕ್ಕೆಗಳು ಸುತ್ತುತ್ತಲೇ ಉಳಿದರೆ, ನೀಲಿ ಪರದೆ ಬಂದರೆ, ಇಲ್ಲವೇ ಲಾಗಿನ್ ಆದೊಡನೆ ಬರಿಯ ಕಪ್ಪು ಪರದೆ ಎದುರಾದರೆ ಮಾತ್ರ ಕುತಂತ್ರಾಂಶದ ಶಂಕೆಗೆ ಬಲ ಬರುತ್ತದೆ. ಹಿಂದಿನ ದಿನ ಏನು ಮಾಡಿದಿರೆಂದು ನೆನಪಿಸಿಕೊಳ್ಳಿ. ಹಣ ಕೊಡದೆ ವಿಂಡೋಸನ್ನೋ ಆಫೀಸನ್ನೋ ‘ಆಕ್ಟಿವೇಟ್’ ಮಾಡುವ ಸಾಧನ ಓಡಿಸಿದ್ದಿರಾ? ಅದು ಹೇಳಿದಂತೆ ವೈರಸ್ ನಿರೋಧಕವನ್ನು ಆರಿಸಿದ್ದಿರಾ? ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಂಡಿದ್ದವೇ? ಅಥವಾ ರಾತ್ರಿ ವಿಂಡೋಸ್ ಅಪ್‌ಡೇಟ್ ಆಗುತ್ತಿದ್ದಾಗ ವಿದ್ಯುತ್ ಹೋಗಿತ್ತೇ? ನಮ್ಮಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದೀತು.

ಹಿಂಬಾಗಿಲಿನ ಪ್ರವೇಶ

ವಿಂಡೋಸ್ 10 ಮತ್ತು 11ರಲ್ಲಿ ದುರಸ್ತಿಗೆಂದೇ ಪ್ರತ್ಯೇಕ ಕೋಣೆಯೊಂದಿದೆ. ಲಾಗಿನ್ ಪುಟದವರೆಗೆ ತಲುಪಿದರೆ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ‘ರಿಸ್ಟಾರ್ಟ್’ ಆಯ್ದುಕೊಂಡರಾಯಿತು. ಅಲ್ಲಿಗೂ ತಲುಪದಿದ್ದರೆ, ವಿಂಡೋಸ್ ಆರಂಭವಾಗುತ್ತಿದ್ದಂತೆಯೇ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಆರಿಸಬೇಕು. ಹೀಗೆ ಎರಡು ಮೂರು ಬಾರಿ ಅಡ್ಡಿಪಡಿಸಿದರೆ ಮುಂದಿನ ಸಲ ಯಂತ್ರ ತಾನಾಗಿಯೇ ದುರಸ್ತಿ ಪುಟವನ್ನು ತೆರೆಯುತ್ತದೆ. ವಿಂಡೋಸ್ 7 ಅಥವಾ ಎಕ್ಸ್‌ಪಿ ಇನ್ನೂ ಓಡುತ್ತಿರುವ ಹಳೆಯ ಯಂತ್ರಗಳಲ್ಲಿ ಎಫ್8 ಕೀಲಿ ಈ ಕೆಲಸ ಮಾಡುತ್ತದೆ.

ದುರಸ್ತಿ ಪುಟದಲ್ಲಿ ‘ಟ್ರಬಲ್‌ಶೂಟ್’, ಬಳಿಕ ‘ಅಡ್ವಾನ್ಸ್ಡ್ ಆಪ್ಶನ್ಸ್’ ಒಳಗೆ ಹೋಗಿ. ‘ಸ್ಟಾರ್ಟಪ್ ರಿಪೇರ್’ ಎಂಬುದನ್ನು ಒಮ್ಮೆ ಓಡಿಸುವುದರಲ್ಲಿ ತಪ್ಪಿಲ್ಲ. ಇತ್ತೀಚಿನ ಅಪ್‌ಡೇಟ್ ತೆಗೆಯುವ ಅವಕಾಶವೂ ಅಲ್ಲಿಯೇ ಇದೆ. ‘ಸಿಸ್ಟಂ ರಿಸ್ಟೋರ್’ ಯಂತ್ರವನ್ನು ಹಿಂದಿನ ಒಂದು ದಿನಾಂಕದ ಸ್ಥಿತಿಗೆ ಒಯ್ಯುತ್ತದೆ. ಆದರೆ ಆ ಸೌಲಭ್ಯ ಮೊದಲೇ ಚಾಲನೆಯಲ್ಲಿ ಇದ್ದಿರಬೇಕು. ಇವು ಫಲಿಸದಿದ್ದರೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಮೂಲಕ ಪುನಃ ಆರಂಭಿಸಿ 4ನ್ನು ಒತ್ತಿ. ಇದೇ ಸೇಫ್ ಮೋಡ್. ಇಲ್ಲಿ ವಿಂಡೋಸ್ ತನಗೆ ಅತ್ಯಗತ್ಯವಾದದ್ದನ್ನು ಮಾತ್ರ ಎಬ್ಬಿಸುತ್ತದೆ. ಜೊತೆಗೆ ಅಂಟಿಕೊಂಡ ಬೇರೆ ತಂತ್ರಾಂಶಗಳಲ್ಲಿ ಹೆಚ್ಚಿನವು ಮಲಗಿಯೇ ಇರುತ್ತವೆ. ಸೇಫ್ ಮೋಡಿನಲ್ಲಿ ಯಂತ್ರ ಸರಾಗವಾಗಿ ಏಳುತ್ತದೆಂದರೆ ಯಂತ್ರಾಂಶ ಹೆಚ್ಚುಕಡಿಮೆ ಸರಿಯಿದೆ, ದೋಷ ತಂತ್ರಾಂಶದಲ್ಲಿದೆ ಎಂದರ್ಥ.

ಈ ಹಾದಿಯಲ್ಲಿ ಅನೇಕರನ್ನು ಕಂಗೆಡಿಸುವ ತೊಡಕೊಂದಿದೆ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿ ಕಾಪಿಡುವ ‘ಬಿಟ್‌ಲಾಕರ್’ ವ್ಯವಸ್ಥೆ ಮಾಲೀಕರ ಅರಿವಿಗೆ ಬಾರದೆಯೇ ಚಾಲನೆಗೊಂಡಿರಬಹುದು. ದುರಸ್ತಿ ಪುಟ ಹೊಕ್ಕೊಡನೆ ಅದು 48 ಅಂಕಿಗಳ ಕೀಲಿ ಕೇಳುತ್ತದೆ. 2024ರಲ್ಲಿ ಕ್ರೌಡ್‌ಸ್ಟ್ರೈಕ್ ಪ್ರಕರಣದ ದುರಸ್ತಿ ದಿನಗಟ್ಟಲೆ ಎಳೆದಾಡಿದ್ದಕ್ಕೆ ಈ ಕೀಲಿಗಳ ಹುಡುಕಾಟವೂ ಒಂದು ಕಾರಣ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರ ಕೀಲಿ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲಿನಿಂದ ಆ ಖಾತೆ ತೆರೆದು ನೋಡಬಹುದು. ಕಚೇರಿಯ ಯಂತ್ರವಾದರೆ ಅಲ್ಲಿನ ತಾಂತ್ರಿಕ ವಿಭಾಗದವರ ಬಳಿ ಇದ್ದೀತು. ಕೀಲಿ ಎಲ್ಲಿಯೂ ಇಲ್ಲವಾದರೆ ಮೈಕ್ರೋಸಾಫ್ಟ್ ಕೂಡ ಆ ಡಿಸ್ಕ್ ತೆರೆದುಕೊಡಲಾರದು. ಯಂತ್ರ ಇನ್ನೂ ಚೆನ್ನಾಗಿರುವವರು ಇಂದೇ ಕೀಲಿಯನ್ನು ಹುಡುಕಿ ಕಾಗದದ ಮೇಲೆ ಬರೆದಿಡುವುದು ಲೇಸು.

ಮೊದಲು ಕಡತ, ಆಮೇಲೆ ಶುದ್ಧಿ

ಸೇಫ್ ಮೋಡ್ ಸಿಕ್ಕಿತೆಂದು ಕೂಡಲೇ ವೈರಸ್ ಹುಡುಕಲು ಹೊರಡಬೇಡಿ. ಮೊದಲು ಅಂತರಜಾಲದ ಸಂಪರ್ಕ ಕಡಿದು, ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ಚಿತ್ರ, ದಾಖಲೆ, ಲೆಕ್ಕದ ದತ್ತಾಂಶ ಸಾಕು. ತಂತ್ರಾಂಶಗಳ ಅನುಸ್ಥಾಪನಾ ಕಡತಗಳನ್ನು ಒಯ್ಯಬೇಡಿ, ರೋಗ ಅವುಗಳ ಜೊತೆಗೇ ಪಯಣಿಸುತ್ತದೆ. ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿದಾಗ ತೆರೆಯುವ ಮುನ್ನ ತಪಾಸಣೆ ಮಾಡಿಸಬೇಕು.

ಸೇಫ್ ಮೋಡ್ ಕೂಡ ಏಳದಿದ್ದರೆ ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ತುಂಬಿ, ಅದರಿಂದಲೇ ಯಂತ್ರವನ್ನು ಆರಂಭಿಸಬಹುದು. ಅನುಸ್ಥಾಪನೆ ಆಯ್ಕೆಯನ್ನು ಮುಟ್ಟದೆ, ‘ಟ್ರೈ’ ಆಯ್ಕೆಯನ್ನಷ್ಟೇ ಒತ್ತಬೇಕು. ವಿಂಡೋಸ್ ಮಲಗಿರುವಾಗಲೇ ನಿಮ್ಮ ಫೋಲ್ಡರುಗಳು ಅಲ್ಲಿ ಕಾಣಿಸುತ್ತವೆ. ಇದೆಲ್ಲ ತಮ್ಮಿಂದಾಗದು ಎನ್ನುವವರು ಅಂಗಡಿಯವರಿಗೆ ಹೀಗೆ ಹೇಳಿ: ‘ಹೊಸ ಎಸ್‌ಎಸ್‌ಡಿ ಹಾಕಿ ಅದರಲ್ಲಿ ವಿಂಡೋಸ್ ಅಳವಡಿಸಿ, ಹಳೆಯ ಡಿಸ್ಕನ್ನು ಮುಟ್ಟದೆ ನನ್ನ ಕೈಗೆ ಕೊಡಿ’. ಖರ್ಚು ಸ್ವಲ್ಪ ಹೆಚ್ಚು. ಕೆಲವು ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬೆಸುಗೆ ಹಾಕಿರುವುದರಿಂದ ಇದು ಸಾಧ್ಯವಿಲ್ಲ.

ಕಡತಗಳು ಸುರಕ್ಷಿತವಾದ ಬಳಿಕ ಧೈರ್ಯವಾಗಿ ಶುದ್ಧಿಗೆ ಇಳಿಯಬಹುದು. ಇತ್ತೀಚೆಗೆ ಬಂದ ಅಪರಿಚಿತ ತಂತ್ರಾಂಶಗಳನ್ನು ತೆಗೆಯಿರಿ. ಯಂತ್ರ ಮಾಮೂಲಿನಂತೆ ಎದ್ದ ಮೇಲೆ ವಿಂಡೋಸಿನ ಜೊತೆಗೇ ಬರುವ ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ಓಡಿಸಿ. ವಿಂಡೋಸ್ ಪೂರ್ತಿ ಏಳುವ ಮುನ್ನವೇ ಹುಡುಕುವುದರಿಂದ ಅಡಗಿದವೂ ಸಿಕ್ಕಿಬೀಳುತ್ತವೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತ ಶುದ್ಧೀಕರಣ ಸಾಧನಗಳನ್ನು ಒದಗಿಸುತ್ತಿದೆ. ಯಾವುದಕ್ಕೂ ಜಗ್ಗದಿದ್ದರೆ ವಿಂಡೋಸನ್ನು ಹೊಸದಾಗಿ ಅಳವಡಿಸುವುದೇ ಉಚಿತ. ಪಾಸ್‌ವರ್ಡ್ ಕಳ್ಳ ಹೊಕ್ಕಿದ್ದನೆಂದು ಖಚಿತವಾದರಂತೂ ಫಾರ್ಮ್ಯಾಟ್ ಮಾಡುವುದೇ ವಿವೇಕ. ಈ ಲೇಖನದ ತಕರಾರು ಫಾರ್ಮ್ಯಾಟಿನ ಮೇಲಲ್ಲ, ಅದು ಬರುವ ಸರದಿಯ ಮೇಲೆ.

‘ರಿಸೆಟ್’ ಆಯ್ಕೆಯಲ್ಲಿ ‘ನನ್ನ ಕಡತಗಳನ್ನು ಉಳಿಸು’ ಎಂಬ ಅರ್ಥದ ಸಾಲು ಇರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಬಳಕೆದಾರರ ಫೋಲ್ಡರಿನ ಹೊರಗೆ, ನೇರವಾಗಿ ಸಿ ಡ್ರೈವಿನಲ್ಲಿ ಕುಳಿತ ಲೆಕ್ಕಪತ್ರ ತಂತ್ರಾಂಶದ ದತ್ತಾಂಶಕ್ಕೆ ಆ ಭರವಸೆ ಅನ್ವಯಿಸದೆ ಹೋಗಬಹುದು.

ಇದಕ್ಕೊಂದು ಅಪವಾದ

ಕಡತಗಳ ಹೆಸರಿನ ಬಾಲ ವಿಚಿತ್ರವಾಗಿ ಬದಲಾಗಿ, ಹಣ ಕೇಳುವ ಸಂದೇಶ ಕಾಣಿಸಿತೆಂದರೆ ಅದು ಒತ್ತೆ ತಂತ್ರಾಂಶ, ಅಂದರೆ ರ‍್ಯಾನ್ಸಮ್‌ವೇರ್. ಇಲ್ಲಿ ಮಾತ್ರ ಕಪಾಟಿಗೇ ಕೈ ಹಾಕಲಾಗಿರುತ್ತದೆ. 2017ರ ಜೂನ್ 27ರಂದು ಹರಡಿ ಮುಂಬೈನ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ಲನ್ನೂ ಸ್ತಬ್ಧಗೊಳಿಸಿದ ‘ನಾಟ್‌ಪೆಟ್ಯಾ’, ಯಂತ್ರವನ್ನು ಪುನರಾರಂಭಿಸಿ ಡಿಸ್ಕ್ ದುರಸ್ತಿಯ ಸೋಗಿನ ಪರದೆ ತೋರಿಸುತ್ತಾ ಹಿಂದಿನಿಂದ ಬೀಗ ಜಡಿಯುತ್ತಿತ್ತು. ಆ ಪರದೆ ಕಂಡಾಗಲೇ ವಿದ್ಯುತ್ ಕಿತ್ತವರಿಗೆ ಡಿಸ್ಕನ್ನು ಉಳಿಸಿಕೊಳ್ಳುವ ಅವಕಾಶವಿತ್ತು.

ಇಂತಹ ಸಂದರ್ಭದಲ್ಲಿ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ಬ್ಯಾಕಪ್ ಡಿಸ್ಕನ್ನು ಅದಕ್ಕೆ ಚುಚ್ಚದೆ, ಹಣವನ್ನೂ ಕಟ್ಟದೆ 1930 ಸಹಾಯವಾಣಿಗೆ ದೂರು ನೀಡಿ. 2016ರಲ್ಲಿ ಯೂರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಸಂಸ್ಥೆಗಳೊಡನೆ ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಕೀಲಿಗಳು ಉಚಿತವಾಗಿ ದೊರೆಯುತ್ತವೆ. ಇಂದು ಕೀಲಿಯಿಲ್ಲದ ಬೀಗಕ್ಕೆ ಮುಂದೆ ಸಿಗಲೂಬಹುದು. ಆದ್ದರಿಂದ ಆ ಡಿಸ್ಕನ್ನು ಅಳಿಸದೆ ಎತ್ತಿಡಿ.

ಯಂತ್ರ ಎದ್ದ ಮೇಲೂ ಎರಡು ಕೆಲಸ ಬಾಕಿ. ಬ್ಯಾಂಕು, ಇ-ಮೇಲ್ ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದಲೇ ಬದಲಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಆ ಯಂತ್ರದ ಮುಂದಿನ ವ್ಯವಸ್ಥೆಯನ್ನೂ ಯೋಚಿಸಬೇಕು.

ಕನ್ನಡ ಬಳಕೆದಾರರಿಗೆ ಇನ್ನೊಂದು ಮಾತು. ಹೊಸ ವಿಂಡೋಸ್ ಅಳವಡಿಸಿದ ಬಳಿಕ ಹಳೆಯ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ವೈರಸ್ ತಿಂದುಹಾಕಿತೆಂದು ಅಳಿಸಿಬಿಡಬೇಡಿ. ಯೂನಿಕೋಡ್ ಬರುವ ಮುನ್ನ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಕಡತಗಳಿಗೆ ಅವುಗಳದ್ದೇ ಅಕ್ಷರಶೈಲಿ ಬೇಕು. ಫಾರ್ಮ್ಯಾಟಿನ ಜೊತೆ ಹೋದದ್ದು ಅದೇ. ಆ ಫಾಂಟನ್ನು ಮರಳಿ ಅಳವಡಿಸಿ ಕಡತ ತೆರೆದರೆ ಅಕ್ಷರಗಳು ಮೊದಲಿನಂತೆಯೇ ಕಾಣುತ್ತವೆ.