ಕಾಂಡಕೋಶ: ಇದು ಯಾವ ಮರದ ಕಾಂಡ?

"ಅಪ್ಪ, ಸ್ಟೆಮ್ ಸೆಲ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದು ಮಗಳು ಕೇಳಿದಳು. "ಕಾಂಡಕೋಶ" ಎಂದೆ. "ಅಂದ್ರೆ ಅದು ಗಿಡದಲ್ಲಿರುತ್ತಾ?" ಭಾನುವಾರದ ಕನ್ನಡ ಶಾಲೆಯಲ್ಲಿ ಬೇರು, ಕಾಂಡ, ಎಲೆ ಕಲಿತದ್ದರ ಫಲ! ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಈ ಪದ ಹುಟ್ಟಿದ್ದು ಜರ್ಮನ್ ಭಾಷೆಯಲ್ಲಿ. 1868ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಎಲ್ಲ ಜೀವಿಗಳಿಗೂ ಮೂಲವಾದ ಏಕಕೋಶ ಜೀವಿಯನ್ನು 'ಶ್ಟಾಮ್‌ಟ್ಸೆಲ್ಲೆ' ಎಂದು ಕರೆದರು. ಅಂದರೆ ಇದು ಗಿಡದ ಕಾಂಡವಲ್ಲ, ವಂಶವೃಕ್ಷದ ಕಾಂಡ! ಕೆಲವರು ಬಳಸುವ 'ಆಕರಕೋಶ' ಎಂಬ ಪದ ಇನ್ನೂ ಸ್ಪಷ್ಟ. ಆಕರ ಎಂದರೆ ಮೂಲ, ಗಣಿ.

ಇಂದಿನ ಅರ್ಥದಲ್ಲಿ ಕಾಂಡಕೋಶಕ್ಕೆ ಎರಡು ಗುಣಗಳಿರಬೇಕು: ತನ್ನಂಥದೇ ಕೋಶವನ್ನು ಹುಟ್ಟಿಸುವುದು, ಬೇರೆ ಬಗೆಯ ಕೋಶಗಳಿಗೂ ಜನ್ಮ ಕೊಡುವುದು. ನಮ್ಮ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹೊಸದನ್ನು ಸದಾ ತಯಾರಿಸುವುದು ಮೂಳೆಯೊಳಗಿನ ಮಜ್ಜೆಯ ಕಾಂಡಕೋಶಗಳು.

'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ಜಾಹೀರಾತು ಕಂಡಾಗ ಮಾತ್ರ ಎಚ್ಚರವಿರಲಿ. ಮಂಡಿನೋವಿನಿಂದ ಮರೆವಿನವರೆಗೆ ಎಲ್ಲಕ್ಕೂ ಮದ್ದೆನ್ನುವ ಹಲವು ಚಿಕಿತ್ಸೆಗಳಿಗೆ ಸಾಕಷ್ಟು ಆಧಾರವಿಲ್ಲ. ದಶಕಗಳಿಂದ ಜೀವ ಉಳಿಸುತ್ತಿರುವುದು ರಕ್ತದ ಕಾಂಡಕೋಶಗಳ ಕಸಿ. ಲ್ಯುಕೇಮಿಯ, ಥಲಸ್ಸೀಮಿಯದಂಥ ಕಾಯಿಲೆಗಳಿಗೆ ಇದನ್ನು ಬಳಸುತ್ತಾರೆ.

ನಮಗೆ ಸಂಬಂಧಿಸಿದ ಮಾತು ಇಲ್ಲಿದೆ. ಕಸಿಗೆ ದಾನಿಯ ಎಚ್‌ಎಲ್‌ಎ ಗುರುತುಗಳು ರೋಗಿಯವಕ್ಕೆ ಹೊಂದಬೇಕು. ಇವು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ. ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಲ್ಲವಾದರೆ ಒಂದೇ ಮೂಲದ ಜನರಲ್ಲಿ ಹುಡುಕಬೇಕು. ದಾನಿಗಳ ಪಟ್ಟಿಗಳಲ್ಲಿ ಭಾರತೀಯ ಮೂಲದವರು ಕಡಿಮೆ. ಹಾಗಾಗಿ ನಮ್ಮವರಿಗೆ ದಾನಿ ಸಿಗುವುದು ಕಷ್ಟ.

ಪಟ್ಟಿಗೆ ಸೇರುವುದು ಸುಲಭ: ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ಕಳಿಸಿದರಾಯಿತು. ಅಮೆರಿಕದಲ್ಲಿ ಎನ್‌ಎಂಡಿಪಿ, ಬೆಂಗಳೂರಿನಲ್ಲಿ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಈ ಕೆಲಸ ಮಾಡುತ್ತವೆ. ವೈದ್ಯರಿಗೆ ಬೇಕಾಗುವುದು ಹೆಚ್ಚಾಗಿ ಕಿರಿಯ ವಯಸ್ಸಿನ ದಾನಿಗಳು.

"ಬೆನ್ನುಮೂಳೆ ಕೊರೀತಾರಂತೆ" ಎಂಬ ಭಯ ಬೇಡ. ಸಾಮಾನ್ಯವಾಗಿ ಕೆಲವು ದಿನ ಇಂಜೆಕ್ಷನ್ ಕೊಟ್ಟು, ತೋಳಿನಿಂದ ರಕ್ತ ತೆಗೆದು, ಕಾಂಡಕೋಶಗಳನ್ನು ಬೇರ್ಪಡಿಸಿ ಉಳಿದದ್ದನ್ನು ದೇಹಕ್ಕೆ ಮರಳಿಸುತ್ತಾರೆ. ಆ ದಿನಗಳಲ್ಲಿ ಮೈಕೈ ನೋವು ಬರಬಹುದು. ಮಜ್ಜೆಯನ್ನೇ ತೆಗೆಯಬೇಕಾದರೂ ಅದು ಸೊಂಟದ ಮೂಳೆಯಿಂದ, ಅರಿವಳಿಕೆ ಕೊಟ್ಟ ಮೇಲೆ.

ಒಂದೇ ವಿನಂತಿ: ಯೋಚಿಸಿ, ಮನೆಯವರೊಂದಿಗೆ ಮಾತಾಡಿಯೇ ಹೆಸರು ಕೊಡಿ. ಕೊಟ್ಟ ಮೇಲೆ, ಎಂದಾದರೂ ಕರೆ ಬಂದರೆ, ದಯವಿಟ್ಟು ಹಿಂದೆ ಸರಿಯಬೇಡಿ. ಅಷ್ಟು ಹೊತ್ತಿಗೆ ಒಂದು ಮನೆಯವರು ನಿಮ್ಮನ್ನೇ ನಂಬಿಕೊಂಡಿರುತ್ತಾರೆ.