ಟ್ರ್ಯಾಕ್ಟರ್ ಗೇರ್ ಆಯಿಲ್: ಬ್ರ್ಯಾಂಡ್ ಕೇಳೋ ಮುಂಚೆ ನಿಮ್ಮ ಬ್ರೇಕ್ ಯಾವುದು ನೋಡಿ



ಇಂಜಿನ್ ಆಯಿಲ್ ವಿಷಯದಲ್ಲಿ ನಮ್ಮ ಹುಡುಗರು ಈಗ ಜಾಣರಾಗಿದ್ದಾರೆ. ಇಷ್ಟು ಗಂಟೆ ಓಡಿತು, ಆಯಿಲ್ ಬದಲಾಯಿಸಬೇಕು, ಫಿಲ್ಟರ್ ಹಾಕಬೇಕು ಅಂತ ಅವರೇ ಹೇಳ್ತಾರೆ. ಆದರೆ ಸೀಟಿನ ಕೆಳಗಿರುವ ದೊಡ್ಡ ಹೌಸಿಂಗ್‌ನಲ್ಲಿ ಯಾವ ಆಯಿಲ್ ಇದೆ, ಯಾವಾಗ ಬದಲಾಯಿಸಿದ್ರಿ ಅಂತ ಕೇಳಿದರೆ ಬಹಳ ಜನರ ಹತ್ತಿರ ಉತ್ತರ ಇರಲ್ಲ. "ಗೇರ್ ಆಯಿಲ್ ಅಲ್ವಾ ಅಣ್ಣಾ, 90 ನಂಬರ್ ಹಾಕಿದ್ರೆ ಆಯ್ತು" ಅನ್ನೋದೇ ಸಾಮಾನ್ಯ ಉತ್ತರ.

ನಾನು ಹೊಲದ ಕೆಲಸದ ಜೊತೆಗೆ ಅಕ್ಕಪಕ್ಕದವರ ಟ್ರ್ಯಾಕ್ಟರ್ ಸರ್ವಿಸ್ ಮಾಡಿಕೊಡ್ತೀನಿ. ನಮ್ಮದು ತುಂಗಭದ್ರಾ ಕಾಲುವೆ ಸೀಮೆ, ಭತ್ತದ ಗದ್ದೆ ಜಾಸ್ತಿ. ವರ್ಷದಲ್ಲಿ ಎರಡು ಸಲ ಕೆಸರಿಗೆ ಇಳಿಯುವ ಟ್ರ್ಯಾಕ್ಟರ್‌ಗಳನ್ನೇ ಹೆಚ್ಚು ನೋಡಿದವನು ನಾನು. ಗೇರ್, ಲಿಫ್ಟ್, ಬ್ರೇಕ್ ಅಂತ ಬೇರೆ ಬೇರೆ ದೂರು ಹೇಳಿಕೊಂಡು ಬಂದ ಗಾಡಿಗಳಲ್ಲಿ ಎಷ್ಟೋ ಸಲ ಕಾರಣ ಒಂದೇ ಇರುತ್ತೆ: ತಪ್ಪು ಆಯಿಲ್, ಇಲ್ಲವೇ ನೀರು ಸೇರಿದ ಆಯಿಲ್.

ಒಂದೇ ಆಯಿಲ್, ನಾಲ್ಕು ಕೆಲಸ

ಕಾರಿನ ಗೇರ್ ಬಾಕ್ಸ್ ಆಯಿಲ್‌ಗೆ ಮುಖ್ಯವಾಗಿ ಒಂದೇ ಕೆಲಸ, ಗೇರು ಬೇರಿಂಗ್ ಸವೆಯದ ಹಾಗೆ ನೋಡಿಕೊಳ್ಳೋದು. ಟ್ರ್ಯಾಕ್ಟರ್ ಹಾಗಲ್ಲ. ಈಗಿನ ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸ್, ಕ್ರೌನ್ ಪಿನಿಯನ್, ಹೈಡ್ರಾಲಿಕ್ ಲಿಫ್ಟ್ ಎಲ್ಲಕ್ಕೂ ಒಂದೇ ಹೌಸಿಂಗ್, ಒಂದೇ ಆಯಿಲ್. ಬ್ರೇಕ್ ಕೂಡ ಆಯಿಲ್‌ನಲ್ಲಿ ಮುಳುಗಿರುವ ಮಾದರಿಯಾದರೆ ಅದೂ ಇದೇ ಆಯಿಲ್‌ನಲ್ಲೇ ಇರುತ್ತೆ.

ಈಗ ಯೋಚನೆ ಮಾಡಿ. ಗೇರಿಗೆ ಬೇಕಾದದ್ದು ಜಾರುವ ಆಯಿಲ್. ಬ್ರೇಕ್ ಪ್ಲೇಟಿಗೆ ಬೇಕಾದದ್ದು ಹದವಾಗಿ ಹಿಡಿಯುವ ಆಯಿಲ್. ಹೈಡ್ರಾಲಿಕ್ ಪಂಪಿಗೆ ಬೇಕಾದದ್ದು ತಣ್ಣಗಿದ್ದಾಗಲೂ ಸಲೀಸಾಗಿ ಹರಿಯುವ, ನೊರೆ ಕಟ್ಟದ ಆಯಿಲ್. ಈ ಎಲ್ಲ ಗುಣ ಒಂದೇ ಡಬ್ಬಿಯಲ್ಲಿ ಸಿಗಲಿ ಅಂತಲೇ ಒಂದು ಬೇರೆ ಜಾತಿಯ ಆಯಿಲ್ ಮಾಡಿದ್ದಾರೆ. ಅದರ ಹೆಸರು ಯುಟಿಟಿಓ, ಅಂದರೆ ಯೂನಿವರ್ಸಲ್ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್. ಅಂಗಡಿಯಲ್ಲಿ ಇದನ್ನು "ವೆಟ್ ಬ್ರೇಕ್ ಆಯಿಲ್" ಅಂತಲೂ ಕರೀತಾರೆ.

ಇಂಥ ಟ್ರ್ಯಾಕ್ಟರಿಗೆ ಲಾರಿಯ 90 ನಂಬರ್ ಗೇರ್ ಆಯಿಲ್ ಹಾಕಿದರೆ ಏನಾಗುತ್ತೆ? ಮೊದಲ ದಿನ ಏನೂ ಆಗಲ್ಲ. ಗೇರ್ ಬೀಳುತ್ತೆ, ಲಿಫ್ಟ್ ಏಳುತ್ತೆ. ಆಮೇಲೆ ಬ್ರೇಕ್ ಒತ್ತಿದಾಗ "ಗರ್‌ರ್" ಅಂತ ಶಬ್ದ ಶುರುವಾಗುತ್ತೆ, ಗಾಡಿ ನಡುಗುತ್ತೆ. ಪೆಡಲ್ ಎಷ್ಟು ಒತ್ತಿದರೂ ಮೊದಲಿನ ಹಿಡಿತ ಬರಲ್ಲ. ಖಾಲಿ ಗಾಡಿಯಲ್ಲಿ ಇದು ಗೊತ್ತಾಗದೇ ಹೋಗಬಹುದು. ಭತ್ತದ ಚೀಲ ಅಥವಾ ಕಬ್ಬು ತುಂಬಿದ ಟ್ರಾಲಿ ಹಿಂದೆ ಇದ್ದು ಕಾಲುವೆ ಏರಿಯಿಂದ ಇಳಿಯುವಾಗ ಗೊತ್ತಾದರೆ ತಡವಾಗಿರುತ್ತೆ. ಅದಕ್ಕೇ ಹೇಳೋದು, ಇದು ಬರೀ ಗೇರ್ ಸವೆತದ ಮಾತಲ್ಲ, ಸೀಟಿನ ಮೇಲೆ ಕೂತವನ ಜೀವದ ಮಾತು.

ಹೋದ ವರ್ಷ ನಮ್ಮ ಕಡೆಯ ಒಬ್ಬ ಹುಡುಗ ಬ್ರೇಕ್ ಶಬ್ದ ಅಂತ ಗಾಡಿ ತಂದ. ಬ್ರೇಕ್ ಪ್ಲೇಟ್ ಬದಲಿಸಬೇಕು ಅಂತ ಬೇರೆ ಕಡೆ ಹೇಳಿದ್ದರಂತೆ. ಆಯಿಲ್ ಯಾವಾಗ ಹಾಕಿಸಿದೆ ಅಂತ ಕೇಳಿದೆ. ತಿಂಗಳ ಹಿಂದೆ, ಅಗ್ಗಕ್ಕೆ ಸಿಕ್ಕಿತು ಅಂತ ಬಿಡಿ ಗೇರ್ ಆಯಿಲ್ ಹಾಕಿಸಿದ್ದ. ಪೂರ್ತಿ ಇಳಿಸಿ, ಪುಸ್ತಕದಲ್ಲಿದ್ದ ಗ್ರೇಡಿನ ಆಯಿಲ್ ಹಾಕಿ, ಕೆಲವು ದಿನ ಓಡಿಸಿ, ಮತ್ತೆ ಇಳಿಸಿ ಹೊಸದು ಹಾಕಿದ್ವಿ. ಒಂದೇ ಸಲ ಇಳಿಸಿದರೆ ಮೂಲೆಯಲ್ಲಿ ಹಳೇದು ಉಳಿದೇ ಉಳಿಯುತ್ತೆ, ಅದಕ್ಕೇ ಎರಡು ಸಲ. ಶಬ್ದ ನಿಂತಿತು, ಪ್ಲೇಟ್ ಉಳಿಯಿತು. ಎಲ್ಲರಿಗೂ ಹೀಗೇ ಉಳಿಯುತ್ತೆ ಅಂತಿಲ್ಲ. ಪ್ಲೇಟಿನ ಮೇಲ್ಮೈ ಗಾಜಿನ ಹಾಗೆ ನುಣುಪಾಗಿಬಿಟ್ಟಿದ್ದರೆ ಬದಲಿಸದೇ ಬೇರೆ ದಾರಿಯಿಲ್ಲ.

ಡಬ್ಬಿ ಮೇಲಿನ ಅಕ್ಷರ ಓದೋದು ಹೇಗೆ?

ಮೊದಲು ನಿಮ್ಮ ಬ್ರೇಕ್ ಯಾವುದು ತಿಳ್ಕೊಳ್ಳಿ. ಮಾಲೀಕರ ಕೈಪಿಡಿಯಲ್ಲಿ ಇರುತ್ತೆ. ಎಷ್ಟೋ ಗಾಡಿಗಳ ಬಾನೆಟ್ ಮೇಲೇ "ಆಯಿಲ್ ಇಮ್ಮರ್ಸ್ಡ್ ಬ್ರೇಕ್" ಅಂತ ಸ್ಟಿಕ್ಕರ್ ಇರುತ್ತೆ.

ಬ್ರೇಕ್ ಆಯಿಲ್‌ನಲ್ಲಿ ಮುಳುಗಿದ್ದರೆ ಯುಟಿಟಿಓ ಜಾತಿಯ ಆಯಿಲ್ಲೇ ಬೇಕು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಟ್ರ್ಯಾಕ್ಟರ್ ಕಂಪನಿಗಳ ಮಾನದಂಡದ ಸಂಖ್ಯೆ ಇರುತ್ತೆ. ಜಾನ್ ಡಿಯರ್‌ನ ಜೆ20ಸಿ ಅಂಥದ್ದೊಂದು. ಮ್ಯಾಸಿ ಫರ್ಗುಸನ್‌ಗೆ ಅದರದೇ ಸಂಖ್ಯೆ ಇದೆ. ನಿಮ್ಮ ಕೈಪಿಡಿಯಲ್ಲಿರುವ ಸಂಖ್ಯೆ ಡಬ್ಬಿ ಮೇಲೆ ಇದೆಯಾ ಅಂತ ಹೊಂದಿಸಿ ನೋಡಿ. ಅದು ಇದ್ದರೆ ಬ್ರ್ಯಾಂಡ್ ಯಾವುದಾದರೂ ನಡೆಯುತ್ತೆ. ಗಾಡಿ ವಾರಂಟಿಯಲ್ಲಿದ್ದರೆ ಮಾತ್ರ ಕಂಪನಿ ಹೇಳಿದ ಆಯಿಲ್ಲೇ ಹಾಕಿ, ಬಿಲ್ ಇಟ್ಟುಕೊಳ್ಳಿ.

ಹಳೇ ಟ್ರ್ಯಾಕ್ಟರ್, ಡ್ರೈ ಬ್ರೇಕ್ ಆಗಿದ್ದರೆ ಹೆಚ್ಚಾಗಿ ಗೇರ್ ಆಯಿಲ್ಲೇ ಕೇಳಿರುತ್ತಾರೆ. ಅಲ್ಲಿ ಜಿಎಲ್-4, ಜಿಎಲ್-5 ಅನ್ನೋ ಗೊಂದಲ ಬರುತ್ತೆ. ಇವು ಎಪಿಐ ಮಾಡಿದ ದರ್ಜೆಗಳು. ಜಿಎಲ್-5ರಲ್ಲಿ ಭಾರೀ ಒತ್ತಡ ತಡೆಯುವ ಗಂಧಕ, ರಂಜಕದ ಮಿಶ್ರಣ ಜಿಎಲ್-4ಗಿಂತ ಸುಮಾರು ಎರಡು ಪಟ್ಟು. ನಂಬರ್ ದೊಡ್ಡದು, ಹಾಗಾಗಿ ಒಳ್ಳೇದು ಅಂತ ತಿಳಿಯಬೇಡಿ. ಆ ಮಿಶ್ರಣ ಬಿಸಿಯಲ್ಲಿ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಹುದು. ಸಿಂಕ್ರೋಮೆಶ್ ರಿಂಗು, ಕೆಲವು ಬುಷ್‌ಗಳು ಹಿತ್ತಾಳೆ ಅಥವಾ ಕಂಚಿನವೇ. ಕೈಪಿಡಿ ಜಿಎಲ್-4 ಅಂದರೆ ಜಿಎಲ್-4 ಹಾಕಿ.

ನಂಬರಿನ ಇನ್ನೊಂದು ಮೋಸ ಇದೆ. 80ಡಬ್ಲ್ಯೂ-90 ಗೇರ್ ಆಯಿಲ್ 20ಡಬ್ಲ್ಯೂ-40 ಇಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಗೇರ್ ಆಯಿಲ್‌ನ ಅಳತೆಗೋಲೇ ಬೇರೆ, ಇಂಜಿನ್ ಆಯಿಲ್‌ನ ಅಳತೆಗೋಲೇ ಬೇರೆ. 100 ಡಿಗ್ರಿ ಬಿಸಿಯಲ್ಲಿ ಗೇರ್ 90 ಮತ್ತು ಇಂಜಿನ್ 40 ಹೆಚ್ಚು ಕಡಿಮೆ ಒಂದೇ ದಪ್ಪ. ಯುಟಿಟಿಓ ಇವೆರಡಕ್ಕಿಂತ ತೆಳುವಾಗಿರೋದು ಸಾಮಾನ್ಯ. "ಇದು ನೀರಿನ ಹಾಗಿದೆ, ಬಾಳಿಕೆ ಬರಲ್ಲ" ಅಂತ ದಪ್ಪ 140 ಬೆರೆಸುವವರನ್ನು ನೋಡಿದ್ದೀನಿ. ಹಾಗೆ ಮಾಡಿದರೆ ಬೆಳಗಿನ ಚಳಿಯಲ್ಲಿ ಪಂಪು ಆಯಿಲ್ ಎಳೆಯಲಾಗದೆ ಒದ್ದಾಡುತ್ತೆ, ಲಿಫ್ಟ್ ನಿಧಾನವಾಗುತ್ತೆ, ಪಂಪು ಬೇಗ ಸವೆಯುತ್ತೆ.

ಬದಲಾಯಿಸೋದು ಯಾವಾಗ?

ಎಷ್ಟೋ ಮಾಡೆಲ್‌ಗಳಲ್ಲಿ 1000 ಗಂಟೆಗೊಮ್ಮೆ ಅಂತ ಇರುತ್ತೆ. ಹೊಸ ಗಾಡಿಯಾದರೆ ಮೊದಲ ಸರ್ವಿಸ್‌ನಲ್ಲೇ ಫಿಲ್ಟರ್ ಅಥವಾ ಆಯಿಲ್ ಬದಲಾಯಿಸಲು ಹೇಳಿರಬಹುದು. ಹೊಸ ಗೇರುಗಳು ಹೊಂದಿಕೊಳ್ಳುವಾಗ ಉದುರುವ ಕಬ್ಬಿಣದ ಪುಡಿ ಆಚೆ ಹೋಗಲಿ ಅಂತ. ನಿಮ್ಮ ಕೈಪಿಡಿಯ ಮಾತೇ ಕೊನೆ ಮಾತು. ಆದರೆ ಕೆಸರು ಗದ್ದೆಗೆ ಇಳಿಯುವ ಗಾಡಿಗೆ ಗಂಟೆ ಲೆಕ್ಕವೊಂದೇ ಸಾಲದು. ನೀರು ಹೊಕ್ಕರೆ 200 ಗಂಟೆಗೇ ಬದಲಾಯಿಸಬೇಕಾಗುತ್ತೆ.

ಕೆಸರು ಮುಗಿದ ಮೇಲೆ ಪ್ರತಿ ಸಲ ಇಷ್ಟು ನೋಡಿ:

- ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.
- ಅನುಮಾನ ಇದ್ದರೆ ಎರಡು ಹನಿಯನ್ನು ಕಾದ ತಗಡಿನ ಮೇಲೆ ಹಾಕಿ. ಚಟಪಟ ಅಂದರೆ ನೀರಿದೆ. ಮುಖ ದೂರ ಇರಲಿ, ಡೀಸೆಲ್ ಹತ್ತಿರ ಬೇಡ.
- ಲೆವೆಲ್ ಏರಿದ್ದರೂ ಅನುಮಾನ ಪಡಿ. ಆಯಿಲ್ ತಾನಾಗಿ ಹೆಚ್ಚಾಗಲ್ಲ.
- ಕ್ಲಚ್ ಹೌಸಿಂಗ್ ಕೆಳಗಿನ ಸಣ್ಣ ತೂತಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆಯಾ ನೋಡಿ. ಕಪ್ಪಗಿದ್ದರೆ ಇಂಜಿನ್ ಹಿಂದಿನ ಸೀಲು, ಗೇರ್ ಆಯಿಲ್ ಬಣ್ಣದ್ದಾದರೆ ಗೇರ್ ಬಾಕ್ಸ್ ಮುಂದಿನ ಸೀಲು ಹೋಗಿರಬಹುದು. ಗದ್ದೆಗೆ ಇಳಿಸುವಾಗ ಆ ತೂತಿಗೆ ಪ್ಲಗ್ ಹಾಕಿದ್ದರೆ, ಕೆಲಸ ಮುಗಿದ ಮೇಲೆ ಮರೆಯದೆ ತೆಗೀರಿ.

ನೀರು ಹೊಕ್ಕಿದ್ದರೆ ಆಯಿಲ್ ಬದಲಾಯಿಸಿ ಸುಮ್ಮನಾಗಬೇಡಿ. ಹಿಂದಿನ ಆಕ್ಸಲ್ ಸೀಲು, ಗೇರ್ ಲಿವರ್ ರಬ್ಬರ್, ಗಾಳಿ ಆಡುವ ಬ್ರೀದರ್, ಇವುಗಳಲ್ಲಿ ಎಲ್ಲಿಂದ ನೀರು ಬಂತು ಅಂತ ಹುಡುಕಿ. ಇಲ್ಲದಿದ್ದರೆ ಮುಂದಿನ ನಾಟಿಗೆ ಮತ್ತೆ ಅದೇ ಕಥೆ.

ಬದಲಾಯಿಸೋ ಕ್ರಮ

1. ಕೈಪಿಡಿ ನೋಡಿ ಎಷ್ಟು ಲೀಟರ್ ಬೇಕು ಅಂತ ಮೊದಲೇ ತಿಳ್ಕೊಳ್ಳಿ. ಮಾಡೆಲ್ ಪ್ರಕಾರ 30 ಲೀಟರಿನಿಂದ 60 ಲೀಟರ್ ತನಕವೂ ಹೋಗುತ್ತೆ. ಅಷ್ಟು ಹಿಡಿಯುವ ಖಾಲಿ ಡಬ್ಬ ರೆಡಿ ಇರಲಿ.

2. ಕಾಲು ಗಂಟೆ ಗಾಡಿ ಓಡಿಸಿ ಆಯಿಲ್ ಬೆಚ್ಚಗೆ ಮಾಡಿ. ತಣ್ಣನೆ ಆಯಿಲ್ ಇಳಿಸಿದರೆ ಹೊಲಸು ತಳದಲ್ಲೇ ಉಳಿಯುತ್ತೆ. ಕೈ ಸುಡುವಷ್ಟು ಬಿಸಿಯೂ ಬೇಡ.

3. ಸಮ ನೆಲದಲ್ಲಿ ನಿಲ್ಲಿಸಿ. ಲಿಫ್ಟ್ ತೋಳು ಪೂರ್ತಿ ಇಳಿಸಿ, ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಚಕ್ರಕ್ಕೆ ಕಲ್ಲು ಕೊಡಿ.

4. ಡ್ರೈನ್ ಪ್ಲಗ್ ಮುಟ್ಟುವ ಮುಂಚೆ ಆಯಿಲ್ ಹಾಕುವ ಮೇಲಿನ ಮುಚ್ಚಳ ಬಿಚ್ಚಿ. ಇದು ಕಾರು, ಟ್ರ್ಯಾಕ್ಟರ್ ಯಾವುದಕ್ಕಾದರೂ ಒಂದೇ ನಿಯಮ. ಮೇಲಿನದು ಜಾಮ್ ಆಗಿ ಬಿಚ್ಚದೇ ಹೋದರೆ, ಆಯಿಲ್ ಇಳಿಸಿದ ಗಾಡಿ ನಿಂತಲ್ಲೇ ನಿಲ್ಲುತ್ತೆ.

5. ಡ್ರೈನ್ ಪ್ಲಗ್ ಒಂದೇ ಇರಲ್ಲ. ಗೇರ್ ಬಾಕ್ಸ್, ನಡುವಿನ ಹೌಸಿಂಗ್, ಕೆಲವು ಗಾಡಿಗಳಲ್ಲಿ ಎಡ ಬಲದ ಆಕ್ಸಲ್ ಹೌಸಿಂಗಿಗೂ ಬೇರೆ ಪ್ಲಗ್ ಇರುತ್ತೆ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್‌ನ ಆಯಿಲ್ ಬೇರೆ, ಅದರ ಗ್ರೇಡ್ ಬೇರೆ ಇರಬಹುದು.

6. ಪ್ಲಗ್‌ನ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಸಹಜ ಸವೆತ. ಕೈಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ತೋರಿಸಿ.

7. ಹೈಡ್ರಾಲಿಕ್ ಫಿಲ್ಟರ್ ಬದಲಾಯಿಸಿ. ತೊಳೆಯುವ ಜಾಲರಿ ಇದ್ದರೆ ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಪ್ಲಗ್‌ಗೆ ಹೊಸ ವಾಷರ್ ಹಾಕಿ, ಹದವಾಗಿ ಬಿಗಿ ಮಾಡಿ. ಪೈಪ್ ಹಾಕಿ ಎಳೆದರೆ ಮರೆ ಹೋಗುತ್ತೆ.

8. ಸ್ವಚ್ಛ ಆಲಿಕೆಯಿಂದ ಆಯಿಲ್ ತುಂಬಿ. ಇಂಜಿನ್ ಸ್ಟಾರ್ಟ್ ಮಾಡಿ ಲಿಫ್ಟ್ ಎಂಟ್ಹತ್ತು ಸಲ ಏರಿಸಿ ಇಳಿಸಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಒತ್ತಿ ನೋಡಿ. ನಿಲ್ಲಿಸಿ, ತೋಳು ಇಳಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಕಡಿಮೆ ಇದ್ದರೆ ಸೇರಿಸಿ.

ಟ್ರಾಲಿ ಜ್ಯಾಕ್ ಮರೀಬೇಡಿ

ಡಂಪಿಂಗ್ ಟ್ರಾಲಿಯ ಜ್ಯಾಕ್ ಏರೋದು ನಿಮ್ಮ ಟ್ರ್ಯಾಕ್ಟರಿನ ಇದೇ ಆಯಿಲ್‌ನಿಂದ. ಟ್ರಾಲಿ ಎತ್ತಿದಾಗ ಹೌಸಿಂಗ್‌ನಲ್ಲಿ ಲೆವೆಲ್ ಇಳಿಯುತ್ತೆ. ಲೆವೆಲ್ ಮೊದಲೇ ಕಡಿಮೆ ಇದ್ದರೆ ಪಂಪು ಗಾಳಿ ಎಳೆದು ಕೂಗುತ್ತೆ. ಇನ್ನೊಂದು, ಪಕ್ಕದವರ ಟ್ರಾಲಿ ಕಟ್ಟಿದರೆ ಅವರ ಜ್ಯಾಕ್‌ನಲ್ಲಿರುವ ಆಯಿಲ್, ಅದರ ಹೊಲಸು, ನೀರು ಎಲ್ಲಾ ನಿಮ್ಮ ಗೇರ್ ಬಾಕ್ಸಿಗೆ ಬರುತ್ತೆ. ಟ್ರಾಲಿ ಕೊಡ್ಬೇಡಿ, ತಗೋಬೇಡಿ ಅಂತ ಹೇಳ್ತಿಲ್ಲ. ಕಪ್ಲಿಂಗ್ ತುದಿ ಒರೆಸಿ ಜೋಡಿಸಿ, ಅವರು ಯಾವ ಆಯಿಲ್ ಹಾಕಿದ್ದಾರೆ ಅಂತ ಒಂದು ಮಾತು ಕೇಳಿ.

ಖರ್ಚಿನ ಲೆಕ್ಕ

"ಒಮ್ಮೆಗೇ ಅಷ್ಟು ದುಡ್ಡಾ?" ಅಂತ ಮನೆಯಲ್ಲಿ ಕೇಳ್ತಾರೆ. ಲೆಕ್ಕಕ್ಕೆ ಲೀಟರಿಗೆ 250 ರೂಪಾಯಿ ಅಂತ ಹಿಡಿಯಿರಿ, 40 ಲೀಟರಿಗೆ 10,000 ರೂಪಾಯಿ. 1000 ಗಂಟೆಗೆ ಹಂಚಿದರೆ ಗಂಟೆಗೆ 10 ರೂಪಾಯಿ. ನಿಮ್ಮ ಊರಿನ ರೇಟು ಹಾಕಿ ನೀವೇ ಲೆಕ್ಕ ಮಾಡಿ, ಗಂಟೆಗೆ ನೀವು ತಗೊಳ್ಳುವ ಬಾಡಿಗೆ ಪಕ್ಕದಲ್ಲಿಟ್ಟು ನೋಡಿ. ಸುಗ್ಗಿಯಲ್ಲಿ ನಾಲ್ಕು ದಿನ ಗಾಡಿ ಶೆಡ್‌ನಲ್ಲಿ ನಿಂತರೆ ಹೋಗುವ ಬಾಡಿಗೆಯೇ ಇದಕ್ಕಿಂತ ಜಾಸ್ತಿ.

ಇಳಿಸಿದ ಹಳೇ ಆಯಿಲ್ ಕಾಲುವೆಗೆ, ಬದುವಿಗೆ ಸುರಿಯಬೇಡಿ, ದನದ ಮೈಗೂ ಹಚ್ಚಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ತುಂಬಿಟ್ಟು ಸರ್ವಿಸ್ ಸೆಂಟರ್ ಮೂಲಕ ನೋಂದಾಯಿತ ಮರುಬಳಕೆದಾರರಿಗೆ ಹೋಗುವ ಹಾಗೆ ಮಾಡಿ.

ಮೊಬೈಲ್‌ನಲ್ಲಿ ನಾಲ್ಕು ಫೋಟೋ

ಇವತ್ತೇ ಮಾಡಬಹುದಾದ ಕೆಲಸ ಇದು. ಕೈಪಿಡಿಯಲ್ಲಿ ಆಯಿಲ್ ಗ್ರೇಡ್ ಇರುವ ಪುಟ, ಚಾಸಿ ನಂಬರ್, ಗಂಟೆ ತೋರಿಸುವ ಮೀಟರ್, ಹಾಕಿದ ಆಯಿಲ್ ಡಬ್ಬಿಯ ಹಿಂಬದಿ, ಈ ನಾಲ್ಕರ ಫೋಟೋ ತೆಗೆದು ಒಂದು ಆಲ್ಬಮ್ ಮಾಡಿ. ಕೈಪಿಡಿ ಕಳೆದಿದ್ದರೆ ಡೀಲರ್ ಹತ್ತಿರ ಮಾಡೆಲ್, ಚಾಸಿ ನಂಬರ್ ಹೇಳಿ ಕೇಳಿ. ಅಂಗಡಿಗೆ ಹೋದಾಗ "ಗೇರ್ ಆಯಿಲ್ ಕೊಡಿ" ಅನ್ನದೆ ಫೋಟೋ ತೋರಿಸಿ "ಈ ನಂಬರಿನದು ಕೊಡಿ" ಅನ್ನಿ. ಸೀಲ್ ಇರುವ ಡಬ್ಬಿಯನ್ನೇ ತಗೊಳ್ಳಿ, ಬಿಡಿ ಆಯಿಲ್ ಬೇಡ.

ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಹಿಂದಿನ ಡಿಪ್‌ಸ್ಟಿಕ್ ಒಮ್ಮೆ ಎಳೆದು ನೋಡಿ. ಬಣ್ಣ ಹೇಗಿದೆ, ಲೆವೆಲ್ ಎಷ್ಟಿದೆ ಅಂತ ತಿಳಿಯೋಕೆ ಒಂದು ನಿಮಿಷ ಸಾಕು.